ಸಾಕು

ಹದಿನಾಲ್ಕು ಗ್ರಾಂ. ಹಿಟ್ಟು ತೂಗುವ ತಕ್ಕಡಿಯ ಮೇಲೆ
ಮೊಸರಿನ ಡಬ್ಬಿ, ಡಬ್ಬಿಯೊಳಗೆ ಮಕರೋನಾಸ್:
ಮಗ ಇಟ್ಟ ಹೆಸರು. ಕಿತ್ತಳೆ ಬಣ್ಣದ ಮರಿ,
ಬೂಟಿನ ದಾರದಷ್ಟು ಉದ್ದ, ಅದಕ್ಕಿಂತ ತುಸು ದಪ್ಪ,
ನಾಲಗೆಯಲ್ಲೇ ನಮ್ಮ ಅಡುಗೆಮನೆಯನ್ನೆಲ್ಲ ಓದುತ್ತದೆ.

ದೊಮಾಂತಾಸ್ ಲೆಕ್ಕದ ಪುಸ್ತಕದಲ್ಲಿ ಬರೆದಿದ್ದಾನೆ:
ವಾರಕ್ಕೊಂದು ಇಲಿಮರಿ, ಕಣ್ಣು ತೆರೆಯದ್ದು, ತುಪ್ಪಳ ಮೂಡದ್ದು,
ಎರಡು ಗ್ರಾಂ ಮೀರದ್ದು.
ಹಾವಿನ ನಡು ಎಷ್ಟು ದಪ್ಪವೋ ತುತ್ತೂ ಅಷ್ಟೇ.
ತಿಂದ ಮೇಲೆ ಎರಡು ದಿನ ಯಾರೂ ಮುಟ್ಟಬಾರದು.
‘ಯಾರೂ’ ಎಂಬುದರ ಕೆಳಗೆ ಎರಡು ಗೆರೆ.
ಗೆರೆ ಯಾರಿಗೆಂದು ಮನೆಗೆಲ್ಲ ಗೊತ್ತು.

ಕೌನಸ್ ಊರಿನ ಅಂಚು, ಏಳನೆಯ ಮಹಡಿ.
ಫ್ರೀಜರಿನಲ್ಲಿ ಕಾಡಿನ ಕೆಂಪು ಹಣ್ಣು, ಮಾಂಸದ ಕಡುಬು,
ಅವುಗಳ ಹಿಂದೆ, ಚೀಟಿ ಅಂಟಿಸಿದ ಪೊಟ್ಟಣದಲ್ಲಿ
ಕೂಸಿನ ಬೆರಳ ತುದಿಯಂಥ ಹನ್ನೆರಡು ಇಲಿಮರಿ.
ಪೆತ್ರೊನೇಲೆ ಅವನ್ನೂ ಎಣಿಸಿಟ್ಟಿದ್ದಾಳೆ.
ನನ್ನ ಅಜ್ಜಿ, ಅವನ ಮುತ್ತಜ್ಜಿ, ಎಂಬತ್ತೆಂಟು.
ಸೌಟು ಹಿಡಿದ ಅವಳ ಬಾಯಲ್ಲಿ
‘ಸಾಕು’ ಎಂಬ ಮಾತು ನಾನು ಕೇಳಿಲ್ಲ.

“ಏಳು ದಿನಕ್ಕೆ ಒಂದೇ?” ಅಂದಳು ಮೊದಲ ದಿನವೇ.
“ಕೂಸು ಕಣೇ ಅದು. ಬೆಳೆಯೋ ಜೀವ.”
ಸಂಜೆ ಬಟ್ಟಲಲ್ಲಿ ಹಾಲು ತಂದಳು.
ಅವಳಮ್ಮನ ಮನೆಯ ಒಲೆಯ ಕೆಳಗೆ
ಹಳದಿ ಕೊರಳಿನ ಹುಲ್ಲುಹಾವು ಇತ್ತಂತೆ,
ಹಾಲಿಟ್ಟರೆ ಹಸು ಒದೆಯದೆ ನಿಲ್ಲುತ್ತಿತ್ತಂತೆ.
ಹಾವು ಹಾಲು ಕುಡಿಯುವುದಿಲ್ಲ ಅಜ್ಜೀ, ಅಂದ ಮಗ, ಪುಸ್ತಕ ತೋರಿಸಿ.
“ನಮ್ಮದು ಕುಡಿಯುತ್ತಿತ್ತು. ಅದು ಓದಿರಲಿಲ್ಲ.”

ನವೆಂಬರಿನಲ್ಲಿ ಮರಿಯ ಕಣ್ಣು ಮಬ್ಬಾಯಿತು.
ಪೊರೆ ಬಿಡುವ ಹೊತ್ತು. ಇಕ್ಕುಳದ ತುದಿಯ ಇಲಿಗೆ
ಮುಖ ತಿರುಗಿಸಿ ಬಿಲ ಸೇರಿತು. ಹೀಗೇ ಆಗುತ್ತದೆ,
ಕಾಯಬೇಕು, ಅಂದ ದೊಮಾಂತಾಸ್. ಹತ್ತು ದಿನ ಕಾದ.
ಅಜ್ಜಿ ಕಾದಳೋ, ಸವೆದಳೋ.
ಪೊರೆ ಕಳಚಿದ ರಾತ್ರಿ ಅವನು ಕೊಟ್ಟದ್ದು ಒಂದು.
ಅವನು ಮಲಗಿದ ಮೇಲೆ ಅವಳು ಕೊಟ್ಟದ್ದು ಎರಡು.

ಬೆಳಿಗ್ಗೆ ಗಾಜಿನ ಪೆಟ್ಟಿಗೆ ತೆರೆದರೆ ನಾತ.
ಕಕ್ಕಿದ್ದರ ಪಕ್ಕ ಮಕರೋನಾಸ್, ನೂಲಿನ ಹಾಗೆ ಬಿದ್ದಿತ್ತು.
ಕೊಲ್ಲುತ್ತೀಯಾ ಅದನ್ನ, ಎಂದು ಕೂಗಿದ ಹುಡುಗ.
ಅವಳು ಸಿಂಕಿನಲ್ಲಿ ತೊಳೆದ ಬಟ್ಟಲನ್ನೇ ತೊಳೆದಳು.

ಅವನಿಗೆ ಇನ್ನೂ ಹೇಳಿಲ್ಲ ಯಾರೂ.
ಆಲ್ತಾಯ್ ಬಯಲಿನ ಬಿಡಾರ, ಗಡೀಪಾರಾದ ಎರಡನೆಯ ಚಳಿಗಾಲ,
ಅವಳಣ್ಣ ಕಾಜಿಸನಿಗೆ ಎಂಟು ವರ್ಷ.
ಕುದುರೆ ನೋಡಿಕೊಳ್ಳುವ ಹೆಂಗಸು ಕರುಣೆಯಿಂದ
ಇಡೀ ಒಂದು ರೊಟ್ಟಿ ಕೊಟ್ಟಳು.
ಅವನು ಇಡೀ ಒಂದು ರೊಟ್ಟಿ ತಿಂದ.
ಕತ್ತಲಾಗುವಷ್ಟರಲ್ಲಿ ಹೋದ.
ಗೊತ್ತಿತ್ತಲ್ಲ ಅಜ್ಜೀ ನಿನಗೆ, ಎಂದು ಕೇಳಬೇಕೆನಿಸಿತು. ಕೇಳಲಿಲ್ಲ.
“ತಲೆಗೆ ಗೊತ್ತು,” ಅಂದಳು ಅವಳೇ, ಬಟ್ಟಲು ಬೋರಲು ಹಾಕುತ್ತ.
“ಕೈ ಕೇಳಬೇಕಲ್ಲ.”

ಹನ್ನೆರಡು ದಿನ ನೀರೊಂದೇ. ಆಮೇಲೆ ಅರ್ಧ ತೂಕದ್ದು.
ಕ್ಯಾಲೆಂಡರಿನಲ್ಲಿ ಪೆನ್ಸಿಲ್ ಗೀಟು ಎಳೆದವಳು ಅಜ್ಜಿ.
ಮೂರನೆಯ ರಾತ್ರಿ ಫ್ರೀಜರಿನ ಮುಂದೆ ನಿಂತಿದ್ದಳು,
ಬಾಗಿಲ ಮೇಲೆ ಅಂಗೈ ಊರಿ, ತೆರೆಯದೆ.

ನಿನ್ನೆ ಹನ್ನೆರಡು. ಪೊಟ್ಟಣದಲ್ಲಿ ತೀರ ಸಣ್ಣದನ್ನು
ಅವಳೇ ಹುಡುಕಿ, ಬಿಸಿನೀರಿನ ಲೋಟದಲ್ಲಿ ಅದ್ದಿ,
ಕನ್ನಡಕ ಹಾಕಿ ತೂಗಿ, ಒರೆಸಿ, ಮತ್ತೆ ತೂಗಿ,
ಇಕ್ಕುಳವನ್ನು ಹುಡುಗನ ಕೈಗೆ ಕೊಟ್ಟಳು.
ಮಕರೋನಾಸ್ ನುಂಗಿತು. ಕೊರಳ ಕೆಳಗೊಂದು ಸಣ್ಣ ಉಬ್ಬು
ಮೆಲ್ಲಗೆ ಸರಿಯಿತು. ಗಾಜಿನ ಈಚೆ
ಅಜ್ಜಿಯ ಬೆರಳೂ ಅದರ ಜೊತೆಗೇ ಸರಿಯಿತು.

ಮರಿ ತಲೆಯೆತ್ತಿತು, ಇನ್ನೊಂದಿದೆಯೇ ಎಂಬಂತೆ.
ಅವಳ ತುಟಿ ಅಲುಗಿತು. ಸದ್ದು ಬರಲಿಲ್ಲ,
ಆದರೂ ಯಾವ ಮಾತೆಂದು ಕಂಡೆ.
ಆಮೇಲೆ ನಮ್ಮ ಕಡೆ ತಿರುಗಿ, ಕೂರಿ, ಸೂಪು ಆರುತ್ತಿದೆ ಎಂದು
ಕೇಳದೆಯೇ ಮೂರು ಮೂರು ಸೌಟು ಬಡಿಸಿದಳು.