ಪೆಡಲಿನ ತುಕ್ಕು

ಕೋಡಿಬಾಗದ ಓಣಿಯಲ್ಲಿ, ನನ್ನ ಹೊಲಿಗೆ ಯಂತ್ರದ
ಕಬ್ಬಿಣದ ಪೆಡಲಿನ ಮೇಲೆ ಎರಡು ಪಾದಗಳಿವೆ,
ತುಕ್ಕಿನವು.
ಹತ್ತೊಂಬತ್ತು ವರ್ಷ ಬೆವರಿ ಬೆವರಿ ಮೂಡಿದ್ದು.
ಎಡಗಾಲಿನ ಕಿರುಬೆರಳು ಮಸುಕು,
ಅದನ್ನು ನಾನು ಎತ್ತಿಯೇ ಇಡುತ್ತಿದ್ದೆ.

ಕಡಲಗಾಳಿಗೆ ಎಲ್ಲರದ್ದೂ ತುಕ್ಕು ಹಿಡೀತದೆ ಬಿಡೇ,
ಅಂದಿದ್ದಳು ಎದುರುಮನೆಯ ಸುಗಂಧಾ.
ಹಿಡಿಯುತ್ತದೆ. ಬೆರಳು ಮೂಡುವುದಿಲ್ಲ.

ಹೆಣ್ಣು ನೋಡಲು ಬಂದವರಿಗೆ
ಚಹಾ ಕೊಟ್ಟು ಒಳಗೆ ಬಂದ ದಾರಿ
ಕಾವಿ ನೆಲದ ಮೇಲೆ ಹಾಗೇ ಉಳಿದಿತ್ತು,
ಒದ್ದೆ ಹೆಜ್ಜೆ, ಒದ್ದೆ ಹೆಜ್ಜೆ.
ಹುಡುಗನ ಅತ್ತೆ ಬಗ್ಗಿ ನೋಡಿ
"ಲಕ್ಷ್ಮಿ ನಡೆದ ಹಾಗಿದೆ" ಅಂದರು.
ಆಮೇಲೆ ಸುದ್ದಿಯೇ ಇಲ್ಲ.

ಹವಾಯಿ ಚಪ್ಪಲಿ ಜಾರಿ ಮೀನುಪೇಟೆಯಲ್ಲಿ ಬಿದ್ದಿದ್ದೇನೆ,
ಬಂಗಡೆ ಬುಟ್ಟಿಯ ಮೇಲೆಯೇ.
ಪಟಿಕದ ನೀರು, ಚಹಾಪುಡಿಯ ನೀರು,
ಕೊನೆಗೆ ಕರೆಂಟು ಹಾಯಿಸಿದ ನೀರಲ್ಲೂ ಕಾಲಿಟ್ಟು ಕೂತಿದ್ದೇನೆ.

ಗೋವಾದ ಡಾಕ್ಟರು ಚಿಕ್ಕ ವಯಸ್ಸಿನವರು.
ಕಾಗದದ ಮೇಲೆ ಬೆನ್ನೆಲುಬು ಗೀಚಿದರು, ಪಕ್ಕಕ್ಕೊಂದು ನರ,
ಗಂಟು ಗಂಟಾಗಿ ಇಳಿಯುವುದು.
ಸೀರೆ ಕುಚ್ಚಿನ ಹಾಗೆ, ಅಂದೆ. ನಕ್ಕರು.
ಹೊಟ್ಟೆಯ ಮಗ್ಗುಲಿಗೆ ಮೂರು ತೂತು, ಒಂದು ಕ್ಯಾಮೆರಾ,
ಸೊಂಟದ ಹತ್ತಿರ ಎರಡು ಗಂಟು ಕತ್ತರಿಸಿದರೆ
ಪಾದಕ್ಕೆ ಬೆವರುವುದು ಮರೆತೇ ಹೋಗುತ್ತದಂತೆ.
"ಬೇರೆಲ್ಲಾದರೂ ಹೊರಟೀತು, ಹೇಳಲಾಗದು."
ಕತ್ತರಿ ಹಿಡಿದವಳು ನಾನು, ಗೊತ್ತು:
ಒಂದು ಕಡೆ ಹಿಡಿದರೆ ಇನ್ನೊಂದು ಕಡೆ ಬಿಡಬೇಕು.

ಎಚ್ಚರವಾದ ಮೇಲೆ, ಎದ್ದು ಕೂರಲು ಬಿಟ್ಟ ದಿನ
ಬಗ್ಗಿ ಪಾದ ಮುಟ್ಟಿದೆ.
ಬೆಚ್ಚಗಿತ್ತು. ಒಣಗಿತ್ತು.
ಯಾರದೋ ಕಾಲು ಮುಟ್ಟಿದಂತಾಗಿ
ಕೈ ತಾನೇ ಕಣ್ಣಿಗೆ ಹೋಯಿತು.

ಈಗ ಚಪ್ಪಲಿ ಜಾರುವುದಿಲ್ಲ.
ಹಿಮ್ಮಡಿ ಒಡೆದಿದೆ, ಕೊಬ್ಬರಿ ಎಣ್ಣೆ ಸವರುತ್ತೇನೆ.
ಬೆವರು ಬೆನ್ನಿಗೆ ಹತ್ತಿದೆ, ಮೇ ತಿಂಗಳಲ್ಲಿ
ದಿನಕ್ಕೆ ಮೂರು ರವಿಕೆ.
ಹೊಲಿದುಕೊಳ್ಳುವವಳು ನಾನೇ, ಮಜೂರಿ ಇಲ್ಲ.

ಮೋಟಾರು ಕೂಡಿಸು, ಪೆಡಲು ಗುಜರಿಗೆ ಹಾಕು,
ತಮ್ಮ ದಾಮೋದರನ ರಗಳೆ.
ಬಣ್ಣ ಬಳಿಯುತ್ತೇನೆ ಅಂದೆ.
ಡಬ್ಬಿ ತಂದಿಟ್ಟು ಎಂಟು ತಿಂಗಳಾಯಿತು, ಮುಚ್ಚಳ ತೆಗೆದಿಲ್ಲ.

ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತು
ಸೇತುವೆ ಮೇಲೆ ಲಾರಿಗಳು ಗುಡುಗುತ್ತಿರುತ್ತವೆ.
ಒಣ ಪಾದಗಳನ್ನು ಆ ಪಾದಗಳ ಮೇಲಿಡುತ್ತೇನೆ.
ಸರಿಯಾಗಿ ಕೂರುತ್ತವೆ, ಅಳತೆ ತಪ್ಪಿಲ್ಲ.
ಕಿರುಬೆರಳು ಮಾತ್ರ
ಈಗಲೂ ಎತ್ತಿಯೇ ಇದೆ.