ಹಿರೋಳಿ ನಾಕಾ

ಒಂಬತ್ತನೇ ತರಗತಿ, ಊಟದ ನಂತರದ ಪಿರಿಯಡ್.
ಹಲಗೆಯ ಮೇಲೆ ಜರ್ಮನಿ ಬರೆದೆ.
ಮೂವತ್ತೊಂಬತ್ತು ತುಂಡು,
ಕೌದಿ ಹೊಲಿಯಲು ಕೂತ ಮುದುಕಿಯ ಮುಂದೆ
ಚೆಲ್ಲಿಕೊಂಡ ಹಳೇ ಸೀರೆಗಳ ಹಾಗೆ.
ಬಣ್ಣದ ಸೀಮೆಸುಣ್ಣ ನಾಲ್ಕೇ ಇದ್ದವು.
ಬವೇರಿಯಾಕ್ಕೂ ಸ್ಯಾಕ್ಸನಿಗೂ ಒಂದೇ ಹಸಿರು ಬಂತು,
ಪ್ರಷ್ಯಾಕ್ಕೆ ಕೆಂಪು.

"ಒಂದು ಗಾಡಿ ಉಪ್ಪು ಇಲ್ಲಿಂದ ಅಲ್ಲಿಗೆ ಹೋಗಬೇಕಾದರೆ
ಹತ್ತು ಕಡೆ ನಿಲ್ಲಬೇಕು, ಹತ್ತು ಕಡೆ ಚೀಲ ಬಿಚ್ಚಬೇಕು,
ಹತ್ತು ದೊರೆಗಳ ಮುಖದ ಹತ್ತು ನಾಣ್ಯ ಎಣಿಸಬೇಕು.
ಬಾವುಟಕ್ಕಿಂತ ಮೊದಲು ಅವರ ತಕ್ಕಡಿ ಒಂದಾಯಿತು.
ಸಾವಿರದ ಎಂಟುನೂರ ಮೂವತ್ತನಾಲ್ಕು. ಬರಕೊಳ್ಳಿ."

ಹಿಂದಿನ ಬೆಂಚಿನ ಝರಣಮ್ಮ, ಎಂದೂ ಕೈ ಎತ್ತದವಳು,
ಅವತ್ತೂ ಎತ್ತದೆಯೇ ಕೇಳಿದಳು:
"ಸರ್ರೀ, ನಾಕಾ ತಗದ ಮ್ಯಾಲ
ನಾಕಾದಾಗಿನ ಮನಷ್ಯಾ ಎಲ್ಲಿ ಹೋದ?"

ಪುಸ್ತಕದಲ್ಲಿ ಅದಿಲ್ಲ.
ಮುಂದಿನ ಪ್ಯಾರಾ ಯುದ್ಧಗಳದು,
ಡೆನ್ಮಾರ್ಕ್, ಆಸ್ಟ್ರಿಯಾ, ಫ್ರಾನ್ಸ್. ಮೂರು ಅಂಕ.

ನನಗೆ ಗೊತ್ತಿತ್ತು. ಅವನು ಎಲ್ಲಿಗೂ ಹೋಗಲಿಲ್ಲ,
ನಮ್ಮ ಮನೆಯಲ್ಲೇ ಇದ್ದ.

ಅಜ್ಜ ಸಂಗ್ರಾಮಪ್ಪ, ನಿಜಾಮರ ಕರೋಡಗಿರಿಯ ಜವಾನ.
ತೇಗದ ಅಡ್ಡಗಂಬದ ಆ ಕಡೆ ಅಕ್ಕಲಕೋಟೆ, ಕಲ್ದಾರ್ ರೂಪಾಯಿ,
ಈ ಕಡೆ ಆಳಂದ, ಹಾಲಿ ಸಿಕ್ಕಾ.
ಓದು ಬಾರದು. ಚೀಲ ಮೂಸಿ ಹೇಳುತ್ತಿದ್ದ
ಬೆಲ್ಲ, ಅರಿಷಿಣ, ಬೆಲ್ಲದ ಕೆಳಗೆ ಬಚ್ಚಿಟ್ಟ ತಂಬಾಕು.
ಖಮರುದ್ದೀನ್ ಮುನ್ಷಿ ಉರ್ದುವಿನಲ್ಲಿ ಬರೆದುಕೊಳ್ಳುತ್ತಿದ್ದರು,
ಬಲದಿಂದ ಎಡಕ್ಕೆ, ಬರುವ ಗಾಡಿಗೆ ಎದುರು ಹೋಗುವ ಹಾಗೆ.

ಅತ್ತ ಫ್ರಾಂಕ್‌ಫರ್ಟಿನಲ್ಲಿ, ನಲವತ್ತೆಂಟರಲ್ಲಿ,
ನನ್ನಂಥ ಮಾಸ್ತರರೆಲ್ಲ ಕೂಡಿ ವರ್ಷಗಟ್ಟಲೆ ಮಾತಾಡಿದರು.
ಆಗಲಿಲ್ಲ.
ನೂರು ವರ್ಷ ಬಿಟ್ಟು, ಇನ್ನೊಂದು ನಲವತ್ತೆಂಟರ ಭಾದ್ರಪದದಲ್ಲಿ
ಇತ್ತ ನಮ್ಮ ಸೀಮೆಗೆ ಟ್ಯಾಂಕು ಬಂದವು.
ಐದು ದಿನ. ಆಯಿತು.

ಆ ತಿಂಗಳು ಮುನ್ಷಿ ನಾಕಾಕ್ಕೆ ಬರಲಿಲ್ಲ.
ಮುಂದಿನ ತಿಂಗಳೂ.
"ದೌತಿಯೊಳಗ ಮಸಿ ಒಣಗ್ತು" ಅನ್ನುತ್ತಿದ್ದ ಅಜ್ಜ, ಅಷ್ಟೇ.
ಯಾರು, ಯಾವ ಬಾವಿ ಎಂದು ಕೇಳಿದರೆ
ಎದ್ದು ಹೋಗಿ, ಕುಡಿದು ಮಲಗಿದ ದನಕ್ಕೆ
ಮತ್ತೆ ನೀರು ಇಡುತ್ತಿದ್ದ.

ಕೆಲವು ವರ್ಷಕ್ಕೆ ಒಂದು ಕಾಗದ ಬಂತು: ಇನ್ನು ಸುಂಕವಿಲ್ಲ.
ಗಂಬವನ್ನು ಹೆಗಲ ಮೇಲೆ ಹೊತ್ತು ತಂದ.
ಸರಕಾರದ ಮರ, ಯಾರೂ ಕೇಳಲಿಲ್ಲ.
ದನದ ಕೊಟ್ಟಿಗೆಗೆ ತೊಲೆಯಾಯಿತು.

ಆಮೇಲೆ ನುಡಿಯ ಲೆಕ್ಕದಲ್ಲಿ ಕೂಡಿಸಿದರು.
ನಾವು ಮೈಸೂರಿಗೆ, ಅಜ್ಜನ ತಂಗಿಯ ಉಮರಗಾ ಮುಂಬೈಗೆ.
ಹೊಲಿಗೆ ಹಾಕುವ ಕೈಯಲ್ಲೇ ಕತ್ತರಿಯೂ ಇರುತ್ತದೆ,
ಕೌದಿಯವಳನ್ನು ಕೇಳಿ ನೋಡಿ.
ನಾಕಾ ಹೋದ ಜಾಗದಲ್ಲೇ ಮತ್ತೆ ಗಡಿ ಬಂದು ಕೂತಿತು,
ಈ ಸಲ ಕಲ್ಲಿನ ಒಂದು ಮುಖ ಕನ್ನಡ, ಒಂದು ಮುಖ ಮರಾಠಿ.

ಮುಪ್ಪಿನಲ್ಲಿ ಅಜ್ಜ ಕಟ್ಟೆಯ ಮೇಲೆ ಕೂತಾಗ
ಲಾರಿಯ ಸದ್ದಿಗೆ ಬಲಗೈ ತಾನೇ ಮೇಲೇಳುತ್ತಿತ್ತು.
ಅವ್ವ ತಂದಿಟ್ಟ ತಾಟನ್ನೂ ಮೊದಲು ಮೂಸಿ
ಆಮೇಲೆ ಒಳಗೆ ಬಿಡುತ್ತಿದ್ದ.

ಕೊರೋನಾದ ವರ್ಷ ಪೊಲೀಸರು ಬಂದು
ರಸ್ತೆಗೆ ಅಡ್ಡ ಹಾಕಲು ಗಟ್ಟಿ ಮರ ಕೇಳಿದರು.
ಅದೇ ತೊಲೆ ಬಿಚ್ಚಿ ಕೊಟ್ಟೆ.
ಅದಕ್ಕೆ ಜಾಗ ಗೊತ್ತಿತ್ತು.
ಆ ಕಡೆ ಪುಣೆಯಿಂದ ನಡೆದು ಬಂದವರು,
ತಲೆಯ ಮೇಲೆ ಗಂಟು, ಕಂಕುಳಲ್ಲಿ ಕೂಸು,
"ನಮ್ಮೂರು ಇಲ್ಲೇ ಕಾಣಸ್ತದಲ್ರೀ" ಅನ್ನುತ್ತಿದ್ದರು.

ಇಷ್ಟನ್ನೂ ತರಗತಿಯಲ್ಲಿ ಹೇಳಲಿಲ್ಲ. ಪೋರ್ಷನ್ ಮುಗಿಯಬೇಕು.
"ಮನೆಗೆ ಹೋದ" ಎಂದೆ.
ಝರಣಮ್ಮ ಅದನ್ನೂ ಬರೆದುಕೊಂಡಳು.

ಪರೀಕ್ಷೆಯಲ್ಲಿ, ಜರ್ಮನಿಯ ಏಕೀಕರಣದ ಹಂತಗಳು,
ಮೂರು ಯುದ್ಧವನ್ನೂ ತಪ್ಪು ಇಸವಿಗಳಲ್ಲಿ ಬರೆದು
ಕೊನೆಗೊಂದು ಸಾಲು:
ನಾಕಾದ ಮನುಷ್ಯ ಮನೆಗೆ ಹೋದನು.
ಮಾದರಿ ಉತ್ತರದಲ್ಲಿ ಅದಿರಲಿಲ್ಲ.
ಅರ್ಧ ಅಂಕ ಕೊಟ್ಟೆ.