ಗಾಡಿ ತಳಗಿನ ಗಡಿಗಿ

ಮದಲ ವಾಸನಿ ಬಂತು.
ಹೂವಿನ ಹಿಪ್ಪರಗ್ಯಾಗ ತುಂಬಿದ ಉಳ್ಳಾಗಡ್ಡಿ
ನೂರಾ ಎಂಬತ್ತು ಚೀಲ, ಆ ಘಾಟಿನೊಳಗೂ
ತೂರಿ ಬಂತು ಸಣ್ಣಗ, ಸೂಜಿಯಂಗ.
"ಮುಂದಿನ ಗಾಡೀದಿರಬೇಕಲೇ ಯಮನೂರಿ" ಅಂದೆ.
ಮುಂದ ಯಾವ ಗಾಡೀನೂ ಇರಲಿಲ್ಲ.

ನಾಕು ತಿಂಗಳ ಗಾಡಿ. ಸೀಟಿನ ಪ್ಲಾಸ್ಟಿಕ್ ಹಾಳಿ
ಇನ್ನೂ ಹರದಿಲ್ಲ, ಕುಂತರ ಪರಪರ ಅಂತೈತಿ.
ನಾಕು ಕಂತು ಕಟ್ಟೇನಿ, ಐವತ್ತಾರು ಉಳದಾವು.
ಇಷ್ಟು ಹೊಸಾದು ಸೋರತೈತಿ ಅಂತ
ಯಾರ ಮುಂದ ಹೇಳೂದು?
ಹೊಸ ಧೋತರದ ಹರಕು ಒಳಗ ಮಡಚಿ ಉಟ್ಟಾವನಂಗ
ಸಪ್ಪಳಿಲ್ಲದ ಕೊಲ್ಹಾರ ಮುಟ್ಟಿಸಿದೆ.

ಶೋರೂಮಿನ ಹುಡುಗಿ ಬಾಳ ಮೆತ್ತಗ ಮಾತಾಡಿದ್ಲು:
"ಹೊರಗಿನವ್ರ ಕೈ ಹಚ್ಚಿಸಬ್ಯಾಡ್ರಿ ಸರ್, ವಾರಂಟಿ ಹೋಗ್ತದ.
ಎಂಜಿನಿಯರ್ ನಾಡಿದ್ದು ಬರ್ತಾರ."
ನಾಡಿದ್ದು ಅಂದ್ರ ಉಳ್ಳಾಗಡ್ಡಿಗೆ ಏನು ತಿಳೀತೈತಿ?
ತಾಡಪಾಲ ತಳಗ ಬೆವರಾಕತ್ತಿದ್ದವು.

ಬಂದೇನವಾಜ ಮಿಸ್ತ್ರಿ ಬಂದಾಂವ ಪಾನಾ ತರಲಿಲ್ಲ.
"ಕೈ ಹಚ್ಚಾಂಗಿಲ್ಲ, ಕಣ್ಣು ಹಚ್ಚಬಹುದಲಾ?"
ಹಳೇ ಲುಂಗಿ ತುಂಡಲೆ ಪೈಪು, ಪಂಪು, ಫಿಲ್ಟರಿನ ಬುಡ
ಕೂಸಿನ ಮಾರಿ ಒರಸಿದಂಗ ಒರಸಿದ.
"ಸ್ಟೋವಿನ ಪೆಟಗ್ಯಾಗ ಹಿಟ್ಟೈತೇನು?"
ಜ್ವಾಳದ್ದೈತಿ ಅಂದೆ. ಒಂದು ಬೊಗಸಿ ತಗೊಂಡು
ಫೂ ಅಂತ ಊದಿದ. ಹೊಸಾ ಎಂಜಿನ್ನು
ಮುದುಕನ ಮೀಸಿಯಂಗ ಬೆಳ್ಳಗಾತು.
"ಚಾಲೂ ಮಾಡು. ಕೈ ಮಾತ್ರ ಹತ್ರ ತರಬ್ಯಾಡ.
ಇದರ ಒತ್ತಡ ಹಾವಿನ ಹಲ್ಲು. ತೊಗಲಾಗ ಹೊಕ್ಕಿದ್ದು ತಿಳಿಯಾಂಗಿಲ್ಲ."
ಎಡಗೈ ತೋರಿಸಿದ. ನಡುಬೆರಳು ಅರ್ಧಕ್ಕ ನಿಂತಿತ್ತು.
ಯಾವಾಗ, ಎಲ್ಲಿ, ನಾ ಕೇಳಲಿಲ್ಲ.

ಮೂವರೂ ಉಸುರು ಹಿಡದು ನೋಡಿದ್ವಿ.
ಬಿಳೀ ಹಿಟ್ಟಿನ ಮ್ಯಾಲ, ಒಂದು ಬೋಲ್ಟಿನ ಕೊಳ್ಳಾಗ,
ಹಸೀ ಗೆರಿ. ಇರವಿ ನಡದಂಗ.
ತುದೀಗೆ ನಿಂತು, ತುಂಬಿ, ದುಂಡಗಾಗಿ, ಬಿತ್ತು.

"ತಾಮ್ರದ ವಾಶರು. ಹನ್ನೆರಡು ರೂಪಾಯಿ.
ಕೂರಿಸುವಾಗ ಯಾರಿಗೋ ಊಟದ ಗಂಟಿ ಕೇಳಿಸೈತಿ."
ಬೋಲ್ಟಿನ ಮ್ಯಾಲ ಕಂಪನ್ಯಾವರ ಹಳದಿ ಗೆರಿ.
ಮೂವತ್ತು ವರ್ಷ ಗಾಡಿಗಳ ತಳಗ ಮಲಗಿದ ಮನಷ್ಯಾ
ಅದರ ಮುಂದ ಕೈ ಕಟಗೊಂಡು ನಿಂತ,
ಪರರ ಮನಿ ಹೊಚ್ಚಲದಾಗ ನಿಂತಂಗ.

ಮಸರ ಮಾರೂ ಹಿರಿಯಾಕಿ ಕಂಠ ಒಡದ ಗಡಿಗಿ ಕೊಟ್ಲು.
ಗಾಡಿ ತಳಗ ಇಟ್ವಿ.
ರಾತ್ರಿ ಟಪ್.
ಬಾಳ ಹೊತ್ತಿನ ಮ್ಯಾಲ, ಟಪ್.
ಯಮನೂರಿ ನಿದ್ದ್ಯಾಗ ಹನಿ ಎಣಸತಿದ್ದ,
ನಾ ಎಚ್ಚರದಾಗ ರೊಕ್ಕ.
ಉಳ್ಳಾಗಡ್ಡಿ ಬ್ಯಾರೆ ಗಾಡ್ಯಾಗ ಹುಬ್ಬಳ್ಳಿಗೆ ಹೋದವು, ಬಾಡಗೀನೂ ಹೋತು.
ಇಲ್ಲಿ ಬೀಡಿ ಹಚ್ಚಬ್ಯಾಡ್ರಿ ಅಂತ
ಹೋಗಾವರಿಗೆ ಬರಾವರಿಗೆ ಹೇಳಿ ಹೇಳಿ ದನಿ ಬಿತ್ತು.

ನಾಡಿದ್ದು ಬಂತು, ಮಧ್ಯಾಹ್ನ ಇಳದ ಮ್ಯಾಲ.
ಇಸ್ತ್ರಿ ಅಂಗಿಯ ಎಂಜಿನಿಯರು ಲ್ಯಾಪ್‌ಟಾಪಿನ ವಾಯರು ಚುಚ್ಚಿ
"ಸಿಸ್ಟಮ್ಮಿನಾಗ ಏನೂ ತೋರಸವಲ್ದು" ಅಂದ.
ಮಾತಾಡಲಿಲ್ಲ ನಾ. ಗಡಿಗಿ ತಂದು ಮುಂದಿಟ್ಟೆ.
ಬೆರಳು ಅದ್ದಿದ, ಮೂಸಿದ, ನಕ್ಕ.
ಹಿಟ್ಟು ಯಾಕ ಬಡದೀರಿ ಅಂದ. ಹೇಳಿದೆ.
ಆಮ್ಯಾಲ ನಗಲಿಲ್ಲ.
"ಎಲ್ಲದಾರ ಆ ಮಿಸ್ತ್ರಿ?"

ಹತ್ತು ಮಿನಿಟಿನ ಕೆಲಸ. ಹೊಸಾ ಹಳದಿ ಗೆರಿ.
ಹಳೇ ವಾಶರು ಬಂದೇನವಾಜ ಇಸಗೊಂಡು
ಬಿಸಲಿಗೆ ಹಿಡದು ನೋಡಿದ.
ಕೂದಲಷ್ಟು ಗೀರು. ಅಷ್ಟ.

ಕೃಷ್ಣಾ ಮ್ಯಾಲಿನ ಉದ್ದ ಸೇತುವಿ ದಾಟಿ
ಖಾಲಿ ಗಾಡಿ ನಿಲ್ಲಿಸಿ ಬಗ್ಗಿ ನೋಡಿದೆ. ಒಣಾ ಇತ್ತು.
ಬೀಳಗಿ ಕ್ರಾಸಿನಾಗ ಮತ್ತ. ಒಣಾ.
"ಸಾಕಲಾ ಅಣ್ಣಾ" ಅಂದ ಯಮನೂರಿ.
ಕ್ಯಾಬಿನ್ನಿನಾಗ ಇನ್ನೂ ವಾಸನಿ ಇತ್ತು, ನನ್ನ ಅಂಗೈದು.
ಗದ್ದನಕೇರ್ಯಾಗ ಚಾಕ್ಕ ನಿಂತಾಗ ನಾ ಇಳೀಲಿಲ್ಲ.
ಕನ್ನಡ್ಯಾಗ ನೋಡಿದರ
ಅಂವ ಬಗ್ಗಿದ್ದ.